ಒಗ್ಗರಣೆಗೆ ಹೆಲ್ಮೆಟ್

ಟೆಕ್ಸಾಸ್‌ನಲ್ಲಿ ಕರಿಬೇವಿನ ಗಿಡ ಸಾಕುವುದು ಅಂದರೆ ಮನೆಯಲ್ಲಿ ಬಾಣಂತಿಯನ್ನು ನೋಡಿಕೊಂಡ ಹಾಗೆ. ಚಳಿ ಬಂದರೆ ಗರಾಜಿನ ಒಳಗೆ, ಬಿಸಿಲು ಬಂದರೆ ಹೊರಗೆ, ಗಾಳಿ ಬೀಸಿದರೆ ಮತ್ತೆ ಒಳಗೆ. ಊರಿಂದ ಎಲೆ ತರೋಣ ಅಂದರೆ ವಿಮಾನ ನಿಲ್ದಾಣದಲ್ಲೇ ತೆಗೆದು ಬಿಸಾಡುತ್ತಾರೆ. ಕಿತ್ತಳೆ, ನಿಂಬೆ ತೋಟಗಳಿಗೆ ರೋಗ ಬಂದೀತು ಅಂತ ಭಯ. ಹಾಗಾಗಿ ಆಸ್ಟಿನ್‌ನ ನಮ್ಮ ಮನೆಯಲ್ಲಿ ಆ ಐದೂವರೆ ಅಡಿ ಗಿಡಕ್ಕೆ ನನಗಿಂತ ಜಾಸ್ತಿ ಮರ್ಯಾದೆ. ಹೋದ ಏಪ್ರಿಲ್‌ನಲ್ಲಿ ಅದರೊಳಗೆ ಮಾಕಿಂಗ್‌ಬರ್ಡ್ ಗೂಡು ಕಟ್ಟಿತು.

ನೋಡೋಕೆ ಅಂಥ ಚೆಲುವಿನ ಹಕ್ಕಿಯೇನಲ್ಲ. ಬೂದು ಮೈ, ಉದ್ದ ಬಾಲ, ಹಾರಿದಾಗ ರೆಕ್ಕೆಯಲ್ಲಿ ಬಿಳಿ ಪಟ್ಟೆ. ತೂಕ ಸುಮಾರು 50 ಗ್ರಾಂ. ಆದರೆ 1927ರಿಂದ ಟೆಕ್ಸಾಸ್‌ನ ರಾಜ್ಯಪಕ್ಷಿ ಅದೇ. ಬೇರೆ ಹಕ್ಕಿಗಳ ಕೂಗನ್ನೆಲ್ಲ ಅಣಕಿಸುತ್ತದೆ. ಸಾಗರದ ಕಡೆಯ ನನ್ನ ಅಮ್ಮ, ಆಗಷ್ಟೇ ಆರು ತಿಂಗಳಿಗೆ ಅಂತ ಬಂದಿದ್ದವರು, ಒಂದು ದಿನ ಕೇಳಿಸಿಕೊಂಡು "ಇದು ನಮ್ಮ ಕಾಜಾಣದ ಷಡ್ಕ ಇರ್ಬೇಕು ಕಣೋ" ಅಂದರು.

ಗೂಡಲ್ಲಿ ನಾಲ್ಕು ಮೊಟ್ಟೆ. ತಿಳಿ ನೀಲಿ, ಮೇಲೆ ಕಂದು ಚುಕ್ಕೆ. ಮನೆಮಂದಿಯ ವಾಟ್ಸಾಪ್ ಗುಂಪಿಗೆ ಹಾಕಲು ನಾನು ದಿನಾ ಬೆಳಿಗ್ಗೆ ಕೊಂಬೆ ಸರಿಸಿ, ಮೊಬೈಲ್ ತೂರಿಸಿ ಫೋಟೋ ತೆಗೆದೆ. ನಾಲ್ಕು ದಿನ. ಹುಬ್ಬಳ್ಳಿಯ ಅತ್ತೆಯಿಂದ ಹಿಡಿದು ಎಲ್ಲರೂ ಕೈ ಮುಗಿಯುವ ಚಿತ್ರ ಕಳಿಸಿದರು.

ಐದನೇ ದಿನ ಬಾಗಿಲು ತೆಗೆದಿದ್ದಷ್ಟೇ ಗೊತ್ತು. ತಲೆ ಮೇಲೆ ಠಪ್ ಅಂತ ಬಿತ್ತು. ನನ್ನ ತಲೆಯಲ್ಲಿ ತಡೆಯೋಕೆ ಕೂದಲೂ ಇಲ್ಲ. ಒಳಗೆ ಓಡಿ ಬಂದೆ. ಅಮ್ಮ ಹೊರಗೆ ಹೋದರು, ಬಟ್ಟೆ ಒಣಹಾಕಿದರು, ಗಿಡಕ್ಕೆ ನೀರೂ ಹಾಕಿದರು. ಹಕ್ಕಿ ಬೇಲಿಯ ಮೇಲೆ ಕೂತು ಬಾಲ ಅಲ್ಲಾಡಿಸಿತು, ಅಷ್ಟೇ. ಹೆಂಡತಿ ಹೋದಳು, ಏನೂ ಇಲ್ಲ. ನಾನು ಮೂಗು ಹೊರಗೆ ಹಾಕಿದೆ, ಮತ್ತೆ ಠಪ್.

ಹೆಂಡತಿ ಮೊಬೈಲ್‌ನಲ್ಲಿ ಹುಡುಕಿ ಓದಿದಳು. ಫ್ಲೋರಿಡಾ ವಿಶ್ವವಿದ್ಯಾಲಯದವರು 2009ರಲ್ಲಿ ಇದನ್ನೇ ಪರೀಕ್ಷೆ ಮಾಡಿ ಪ್ರಕಟಿಸಿದ್ದಾರಂತೆ. ಒಬ್ಬರೇ ಮನುಷ್ಯರು ನಾಲ್ಕು ದಿನ, ದಿನಕ್ಕೆ 30 ಸೆಕೆಂಡ್ ಗೂಡಿನ ಹತ್ತಿರ ನಿಂತರು. ಅಷ್ಟಕ್ಕೇ ಹಕ್ಕಿ ಅವರ ಗುರುತು ಹಿಡಿಯಿತು. ಐದನೇ ದಿನ ಬೇರೆಯವರು ಬಂದರೆ ತಲೆ ಕೆಡಿಸಿಕೊಳ್ಳಲಿಲ್ಲ.

"ರೀ, ಸರಿಯಾಗಿ ನಾಲ್ಕು ದಿನ! ಲೆಕ್ಕ ಹಾಕಿದ ಹಾಗೆ ಮಾಡಿದ್ದೀರಲ್ಲ" ಅಂತ ನಕ್ಕಳು. ಗೂಡನ್ನೇ ಬೇರೆ ಕಡೆ ಇಟ್ಟುಬಿಡೋಣ ಅಂದೆ. ವಲಸೆ ಹಕ್ಕಿಗಳನ್ನು ಕಾಪಾಡುವ 1918ರ ಇಲ್ಲಿನ ಕಾಯ್ದೆಯ ಪ್ರಕಾರ ಮೊಟ್ಟೆ ಇರುವ ಗೂಡನ್ನು ಮುಟ್ಟುವಂತಿಲ್ಲ ಅಂತ ಅದನ್ನೂ ಓದಿದಳು. ಜೊತೆಗೆ, ಅಮೆರಿಕದ ಅಧ್ಯಕ್ಷ ಥಾಮಸ್ ಜೆಫರ್ಸನ್ ಶ್ವೇತಭವನದಲ್ಲಿ ಒಂದು ಮಾಕಿಂಗ್‌ಬರ್ಡ್ ಸಾಕಿದ್ದರಂತೆ, ಅದು ಬಂದು ಅವರ ಭುಜದ ಮೇಲೆ ಕೂರುತ್ತಿತ್ತಂತೆ. "ದೊಡ್ಡವರ ಮನೆತನದ್ದು, ನೀನೇ ಸ್ವಲ್ಪ ತಗ್ಗಿ ನಡಿ" ಅಂತ ಅಮ್ಮನ ತೀರ್ಪು.

ಕಾವು ಕೊಡೋಕೆ 12-13 ದಿನ, ಮರಿಗಳು ಗೂಡು ಬಿಡೋಕೆ ಇನ್ನೊಂದು 12 ದಿನ. ಅಷ್ಟು ದಿನ ಕರಿಬೇವಿಲ್ಲದ ಸಾರು. ಅಮ್ಮ, ಹೆಂಡತಿ ಹೋಗಿ ಕೀಳಬಹುದಿತ್ತು ನಿಜ. ಆದರೆ ಬಾಣಂತಿಯ ಹಾಸಿಗೆಯಿಂದ ದಿಂಬು ಎಳೆಯುವ ಜಾತಿ ನಾವಲ್ಲ ಅಂತ ಇಬ್ಬರೂ ಒಪ್ಪಂದ ಮಾಡಿಕೊಂಡಿದ್ದರು. ಹತ್ತನೇ ದಿನ ಬಿಸಿಬೇಳೆಬಾತ್ ಮಾಡುವಾಗ ನನಗೆ ತಡೆಯಲಾಗಲಿಲ್ಲ. ಮಗಳ ಗುಲಾಬಿ ಸೈಕಲ್ ಹೆಲ್ಮೆಟ್ ಹಾಕಿಕೊಂಡು, ಛತ್ರಿ ಬಿಚ್ಚಿಕೊಂಡು ಹೋದೆ. ಎರಡು ಎಸಳು ಕರಿಬೇವು ಕಿತ್ತೆ. ಹಕ್ಕಿ ಛತ್ರಿ ಬಿಟ್ಟು ಹಿಂದಿನಿಂದ ಬಂದು ಕುತ್ತಿಗೆಗೆ ಕುಕ್ಕಿತು. ಪಕ್ಕದ ಮನೆಯ ಅಜ್ಜ ಬೇಲಿಯಾಚೆಯಿಂದ, ಮಳೆ ಬರುತ್ತೆ ಅಂತ ಹೇಳಿದ್ದಾರಾ ಅಂತ ಕೇಳಿದರು. ಹೌದು ಅಂದೆ.

ಹಗಲಿನದು ಇಷ್ಟು. ರಾತ್ರಿಯದು ಇನ್ನೊಂದು ಗಂಡು, ಪಕ್ಕದ ಮನೆಯ ಓಕ್ ಮರದಲ್ಲಿ. ಜೊತೆ ಸಿಗದ ಗಂಡುಗಳು ರಾತ್ರಿಯೆಲ್ಲ ಹಾಡುತ್ತವೆ, ಬೆಳದಿಂಗಳಿದ್ದರೆ ಇನ್ನೂ ಜಾಸ್ತಿ. ಅಮ್ಮ ಕೇಳಿ, "ಪಾಪ, ಅದಕ್ಕೊಂದು ಹೆಣ್ಣು ನೋಡ್ರೋ ಯಾರಾದ್ರೂ" ಅಂದರು.

ಒಂದು ರಾತ್ರಿ ಎರಡು ಗಂಟೆಗೆ 'ಟೀಂವ್' ಅಂತ ಕೇಳಿಸಿತು. ಇಲ್ಲಿನ ಮನೆಗಳಲ್ಲಿ ಇದ್ದವರಿಗೆ ಈ ಸದ್ದು ಗೊತ್ತು. ಚಾವಣಿಯ ಹೊಗೆ ಅಲಾರಂನ ಬ್ಯಾಟರಿ ಮುಗಿಯುತ್ತಾ ಬಂದರೆ ಹೀಗೆ ಕೂಗುತ್ತದೆ, ಯಾವಾಗಲೂ ರಾತ್ರಿಯೇ. ನಮ್ಮಲ್ಲಿ ಅಂಥವು ಐದಿವೆ. ಏಣಿ ತಂದೆ. ಮೊದಲನೆಯದಕ್ಕೆ ಹೊಸ ಬ್ಯಾಟರಿ ಹಾಕಿದೆ. ಟೀಂವ್. ಎರಡನೆಯದಕ್ಕೂ ಹಾಕಿದೆ. ಟೀಂವ್, ಟೀಂವ್. ಐದೂ ಮುಗಿದವು. ಅಮ್ಮ ಏಣಿ ಹಿಡಿದುಕೊಂಡು ನಿಂತೇ ನಿದ್ದೆ ಮಾಡುತ್ತಿದ್ದರು. ಆಗ ಹೊರಗಿನಿಂದ ಸಾಲಾಗಿ ಮೂರು ಟೀಂವ್, ಹಿಂದೆಯೇ ಕಾರ್ ಅಲಾರಂ ಮೂರು ಸಲ, ಆಮೇಲೆ ಬ್ಲೂ ಜೇ ಹಕ್ಕಿ. ಏಣಿಯ ತುದಿಯಲ್ಲೇ ಕೂತುಬಿಟ್ಟೆ. ಹಕ್ಕಿಯನ್ನು ಬೈದು ಪ್ರಯೋಜನವಿಲ್ಲ. ಹಿಂದಿನ ವರ್ಷ ಬ್ಯಾಟರಿ ಬದಲಿಸದೆ ಒಂದು ತಿಂಗಳು ಅದಕ್ಕೆ ಪಾಠ ಹೇಳಿಕೊಟ್ಟವನು ನಾನೇ.

ಅಮ್ಮನಿಗೂ ಒಂದು ಗಂಡಾಂತರ ಬಂತು. ಕಾಗೆಗೆ ಅಂತ ದಿನಾ ಹಿತ್ತಲಲ್ಲಿ ಒಂದು ತುತ್ತು ಅನ್ನ ಇಡುತ್ತಿದ್ದರು. ಕಾಗೆ ಬರಲಿಲ್ಲ, ಕಪ್ಪಗೆ ಹೊಳೆಯುವ ಗ್ರ್ಯಾಕಲ್‌ಗಳು ದಂಡು ಕಟ್ಟಿಕೊಂಡು ಬಂದವು. ಪಿತೃಗಳಿಗೆ ಇಲ್ಲಿ ವೀಸಾ ಸಿಕ್ಕಿದ್ದು ಹೀಗೆ ಅಂದುಕೊಂಡು ಅವರು ಸಮಾಧಾನಪಟ್ಟರು. ಒಂದು ರಾತ್ರಿ ಉಳಿದ ಚಿತ್ರಾನ್ನ ಇಟ್ಟು ಬಂದರು. ಸ್ವಲ್ಪ ಹೊತ್ತಿಗೆ ಸದ್ದಾಯಿತು ಅಂತ ದೀಪ ಹಾಕಿದರೆ ಒಪಾಸಮ್! ಬೆಕ್ಕಿನ ಗಾತ್ರ, ಇಲಿಯ ಬಾಲ, ಬಾಯಿತುಂಬ ಹಲ್ಲು. 50 ಹಲ್ಲುಗಳಿವೆಯಂತೆ. ಅಮ್ಮ ಕಿರುಚಿದರು. ಅದು ಪಕ್ಕಕ್ಕೆ ವಾಲಿ, ಬಾಯಿ ತೆರೆದು, ನಾಲಿಗೆ ಚಾಚಿ ಬಿತ್ತು. ಗಬ್ಬು ವಾಸನೆ ಬೇರೆ.

"ಅಯ್ಯೋ, ನನ್ನ ಚಿತ್ರಾನ್ನ ತಿಂದು ಸತ್ತೇಹೋಯ್ತಲ್ಲೋ!"

ಹೆದರಿದಾಗ ಅದು ಹೀಗೆ ಬೀಳುತ್ತದೆ, ಬೇಕಂತ ಮಾಡುವ ನಾಟಕವಲ್ಲ, ಮೈ ತಾನಾಗಿಯೇ ಮರಗಟ್ಟುತ್ತದೆ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. ಕಡಲೆಕಾಯಿ ಜಾಸ್ತಿ ಹಾಕಿದ್ದೆ ಅಂತ ಅತ್ತರು. ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತರು. ಮುಕ್ಕಾಲು ಗಂಟೆಯಾದ ಮೇಲೆ ಒಂದು ಕಿವಿ ಅಲ್ಲಾಡಿತು. ಆಮೇಲೆ ಎದ್ದು, ಉಳಿದ ಚಿತ್ರಾನ್ನ ಮುಗಿಸಿ, ನಿಧಾನಕ್ಕೆ ಬೇಲಿ ಕೆಳಗೆ ನುಸುಳಿ ಹೋಯಿತು. "ರುಚಿ ಏನೂ ಕೆಟ್ಟಿರಲಿಲ್ಲ ಬಿಡು" ಅಂತ ಅಮ್ಮ ಮಲಗಲು ಹೋದರು.

ಮೇ ಕೊನೆಗೆ ಮರಿಗಳು ಹಾರಿಹೋದವು. ಗಿಡವನ್ನು ತೊಳೆದು ಎಲೆ ಕಿತ್ತೆವು. ಸೆಪ್ಟೆಂಬರ್‌ನಲ್ಲಿ ಅಮ್ಮ ಸಾಗರಕ್ಕೆ ವಾಪಸ್ ಹೋದರು. ಹೋದ ವಾರ ವಿಡಿಯೋ ಕರೆಯಲ್ಲಿ ಮಾತಾಡುತ್ತಿದ್ದಾಗ ಹಿಂದಿನಿಂದ 'ಟೀಂವ್' ಅಂತು.

"ಹಕ್ಕಿ ಬಂತಲ್ಲೋ! ತೋರಿಸು, ತೋರಿಸು."

ಹೆಲ್ಮೆಟ್ ಹಾಕಿಕೊಂಡು ಮೊಬೈಲ್ ಹಿಡಿದು ಹೊರಗೆ ಹೋದೆ. ಓಕ್ ಮರ, ಬೇಲಿ, ಕರಿಬೇವು ಎಲ್ಲ ತೋರಿಸಿದೆ. ಹಕ್ಕಿಯ ಸುಳಿವಿಲ್ಲ. ಒಳಗಿನಿಂದ ಇನ್ನೊಂದು ಟೀಂವ್ ಬಂತು.

ಮೂರು ದಿನದಿಂದ ಅದು ಕೂಗುತ್ತಿತ್ತು. ಹಕ್ಕಿ ಅಂದುಕೊಂಡು ನಾವು ಆರಾಮಾಗಿ ಮಲಗಿದ್ದೆವು.