ಉಳ್ಳಾಗಡ್ಡಿಗೂ 10 ಅಂಕ ಕೊಡಿ

ಹೋದ ನವೆಂಬರಿನಲ್ಲಿ ನಮ್ಮ ಅಪಾರ್ಟ್‌ಮೆಂಟಿನವರು ರಾಜ್ಯೋತ್ಸವಕ್ಕೆ ಮಕ್ಕಳಿಗೆ ಒಂದು ಆಟ ಇಟ್ಟಿದ್ದರು. ನಾವೆಲ್ಲ ಚಿಕ್ಕವರಿದ್ದಾಗ ಆಡಿದ್ದೇ. ಒಬ್ಬರು ಮನಸ್ಸಿನಲ್ಲೇ ಅ, ಆ, ಇ, ಈ ಅಂತ ಹೇಳಿಕೊಂಡು ಹೋಗುತ್ತಾರೆ, ಇನ್ನೊಬ್ಬರು ‘ಸ್ಟಾಪ್’ ಅನ್ನುತ್ತಾರೆ. ನಿಂತ ಅಕ್ಷರಕ್ಕೆ ಹೆಸರು, ಊರು, ಪ್ರಾಣಿ, ತರಕಾರಿ, ವಸ್ತು ಬರೆಯಬೇಕು. ಬೇರೆ ಯಾರೂ ಬರೆಯದ ಪದಕ್ಕೆ 10 ಅಂಕ. ಇನ್ನೊಬ್ಬರೂ ಅದನ್ನೇ ಬರೆದಿದ್ದರೆ 5.

ಧಾರವಾಡದಿಂದ ನನ್ನ ಅಕ್ಕನ ಮಗಳು ರಜೆಗೆ ಬಂದಿದ್ದಳು. ಹನ್ನೊಂದು ವರ್ಷ. ಅವಳೂ ಕೂತಳು. ‘ಉ’ ಬಂತು. ಉಮಾ, ಉಡುಪಿ, ಉಡ, ಉಳ್ಳಾಗಡ್ಡಿ, ಉಂಗುರ ಅಂತ ಸರಸರ ಬರೆದು ಪೆನ್ಸಿಲ್ ಕೆಳಗಿಟ್ಟಳು. ಉಳಿದ ಮಕ್ಕಳ ಹಾಳೆಯಲ್ಲಿ ತರಕಾರಿಯ ಜಾಗ ಖಾಲಿ. ನನಗಂತೂ ಖುಷಿಯೋ ಖುಷಿ. ಆದರೆ ಅಂಕ ಹಾಕುತ್ತಿದ್ದವರು ಅದಕ್ಕೆ ಕಾಟು ಹೊಡೆದರು. “ಅದು ಈರುಳ್ಳಿ ಅಲ್ವಾ ಪುಟ್ಟಾ? ಈರುಳ್ಳಿ ‘ಈ’ಗೆ ಬರುತ್ತೆ” ಅಂದರು.

ಸ್ವಲ್ಪ ಹೊತ್ತಿಗೆ ‘ಝ’ ಬಂತು. ಒಬ್ಬ ಹುಡುಗ ಪ್ರಾಣಿಯ ಜಾಗದಲ್ಲಿ ‘ಝಷ’ ಅಂತ ಬರೆದ. ಅದಕ್ಕೆ 10 ಅಂಕ ಸಿಕ್ಕಿತು. ಆಟ ಮುಗಿದ ಮೇಲೆ ಅವನನ್ನು ಹತ್ತಿರ ಕರೆದು, ಝಷ ಅಂದರೆ ಏನಪ್ಪಾ ಅಂತ ಕೇಳಿದೆ. ಗೊತ್ತಿಲ್ಲ ಆಂಟಿ, ಮೊಬೈಲ್‌ನಲ್ಲಿ ‘ಝ ಅಕ್ಷರದ ಪದಗಳು’ ಅಂತ ಹುಡುಕಿದರೆ ಸಿಗುತ್ತೆ, ಬಾಯಿಪಾಠ ಮಾಡಿಕೊಂಡು ಬಂದೆ ಅಂದ. ಝಷ ಅಂದರೆ ಮೀನು. ಹುಡುಗನದ್ದು ಏನೂ ತಪ್ಪಿಲ್ಲ, ಕಷ್ಟಪಟ್ಟು ಕಲಿತು ಬಂದಿದ್ದಾನೆ. ಆದರೆ ಅರ್ಥ ಗೊತ್ತಿಲ್ಲದ ಪದಕ್ಕೆ 10 ಅಂಕ, ದಿನಾ ಒಗ್ಗರಣೆಗೆ ಬೀಳುವ ಪದಕ್ಕೆ ಸೊನ್ನೆ. ಇದು ನನಗೆ ಸರಿ ಕಾಣಲಿಲ್ಲ. ಈಗಲೂ ಕಾಣುತ್ತಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಹುಡುಗಿ ಕೇಳಿದಳು. “ಚಿಕ್ಕಮ್ಮ, ನಮ್ಮನ್ಯಾಗ ಎಲ್ಲಾರೂ ಉಳ್ಳಾಗಡ್ಡಿ ಅಂತಾರಲ್ಲ, ಅದು ಕನ್ನಡ ಅಲ್ಲೇನು?”

ಆ ಮಾತಿನಿಂದಲೇ ಇವತ್ತು ಇದನ್ನು ಬರೆಯುತ್ತಿದ್ದೇನೆ.

ಒಂದು ವಸ್ತುವಿಗೆ ಒಂದೇ ಮೊದಲಕ್ಷರ ಅಂತ ಯಾರು ಹೇಳಿದ್ದು? ಹಾಸನದ ಕಡೆಯ ನಮಗೆ ಅದು ಈರುಳ್ಳಿ. ಧಾರವಾಡದವರಿಗೆ ಉಳ್ಳಾಗಡ್ಡಿ. ನಮ್ಮ ಎದುರು ಮನೆಯವರು ಪುತ್ತೂರಿನವರು, ಅವರಿಗೆ ನೀರುಳ್ಳಿ. ಗಡ್ಡೆ ಒಂದೇ, ಅದು ಈ, ಉ, ನ ಮೂರೂ ಅಕ್ಷರಕ್ಕೆ ಸಲ್ಲುತ್ತದೆ. ಸೀಬೆಹಣ್ಣನ್ನು ಧಾರವಾಡದಲ್ಲಿ ಪೇರಲ ಅನ್ನುತ್ತಾರೆ. ನಮ್ಮ ಕಡಲೆಕಾಯಿ ಅಲ್ಲಿ ಶೇಂಗಾ. ‘ಶ’ ಬಂದಾಗ ತಲೆ ಕೆರೆದುಕೊಳ್ಳುವ ಬೆಂಗಳೂರಿನ ಮಕ್ಕಳಿಗೆ ಶೇಂಗಾ ಎಷ್ಟು ಒಳ್ಳೆಯ ಪದ! ಯಾರೂ ಬರೆಯದ ಪದಕ್ಕೆ ಜಾಸ್ತಿ ಅಂಕ ಅನ್ನುವುದೇ ಈ ಆಟದ ನಿಯಮ. ಹಾಗಿದ್ದ ಮೇಲೆ ಬೇರೆ ಸೀಮೆಯಿಂದ ಬಂದ ಮಗುವಿನ ಮಾತನ್ನು ಕರೆದು ಕೂರಿಸಬೇಕಲ್ಲವೇ?

ಊರಿನಿಂದ ಊರಿಗೆ ಮಾತ್ರ ಅಲ್ಲ, ಕಾಲದಿಂದ ಕಾಲಕ್ಕೂ ಮೊದಲಕ್ಷರ ಬದಲಾಗಿದೆ. ಈ ಆಟದಲ್ಲಿ ‘ಹ’ ಬಂದರೆ ಮಕ್ಕಳಿಗೆ ಹಬ್ಬ. ಹುಲಿ, ಹಾವು, ಹಂದಿ, ಹಕ್ಕಿ, ಹದ್ದು, ಹಲ್ಲಿ. ‘ಪ’ ಬಂದರೆ ಪಾರಿವಾಳ ಬರೆದು ಎಲ್ಲರಿಗೂ ಐದೈದೇ ಅಂಕ. ಯಾಕೆ ಹೀಗೆ? ಹಳಗನ್ನಡದಲ್ಲಿ ಪುಲಿ, ಪಾವು, ಪಂದಿ, ಪಕ್ಕಿ ಅಂತಲೇ ಇತ್ತು. ಹಾಲು ಪಾಲ್ ಆಗಿತ್ತು, ಹೂವು ಪೂ ಆಗಿತ್ತು. ತಮಿಳು, ತೆಲುಗಿನವರು ಇವತ್ತಿಗೂ ‘ಪ’ವನ್ನೇ ಇಟ್ಟುಕೊಂಡಿದ್ದಾರೆ. ಕನ್ನಡದ ಜನ ಮಾತಾಡುತ್ತಾ ಮಾತಾಡುತ್ತಾ ಪಕಾರವನ್ನು ಹಕಾರ ಮಾಡಿದರು. ಪಂಪೆ ಹಂಪೆಯಾಯಿತು. ಅವತ್ತು ಯಾರಾದರೂ ‘ಹಾಲು ತಪ್ಪು, ಪಾಲ್ ಸರಿ’ ಅಂತ ಪಟ್ಟು ಹಿಡಿದಿದ್ದರೂ ಜನ ಹಾಲು ಅನ್ನುವುದನ್ನು ಬಿಡುತ್ತಿರಲಿಲ್ಲ. ಪುಸ್ತಕದ ಮಾತೂ ಕೊನೆಗೆ ಬಾಯಿಮಾತಿನ ಹಿಂದೆಯೇ ಬಂತು.

ಹಾಗಂತ ನಿಘಂಟು ಬೇಡ ಅನ್ನುತ್ತಿಲ್ಲ. ಕಿಟ್ಟೆಲ್ ಅವರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದರಲ್ಲಿ ಜನ ಆಡುವ ಗಾದೆಗಳನ್ನೂ ತಂದು ಸೇರಿಸಿದ್ದಾರೆ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು 8 ಸಂಪುಟ ಇದೆ. ಅಂಥದ್ದನ್ನು ಮಕ್ಕಳ ಕೈಗೆ ಕೊಟ್ಟು ಪುಟ ತಿರುವಲು ಬಿಟ್ಟರೆ ಒಳ್ಳೆಯದೇ. ನನ್ನ ತಕರಾರು ಮೊಬೈಲ್‌ನಲ್ಲಿ ಸಿಗುವ ಪಟ್ಟಿಗಳ ಮೇಲೆ. ಅಲ್ಲಿ ಬರೀ ಪದ ಇರುತ್ತದೆ. ಅದನ್ನು ಯಾರು, ಎಲ್ಲಿ, ಯಾವಾಗ ಆಡುತ್ತಾರೆ ಅನ್ನುವುದು ಇರುವುದಿಲ್ಲ.

ಹಾಗಾದರೆ ಕಷ್ಟದ ಅಕ್ಷರಕ್ಕೆ ಪದ ಹುಡುಕುವುದು ಹೇಗೆ? ಮಾರನೇ ದಿನ ಮನೆಯಲ್ಲೇ ಆಡಿದೆವು. ಅಮ್ಮನನ್ನೂ ಕೂರಿಸಿಕೊಂಡೆವು. ‘ಠ’ ಬಂತು. ಹುಡುಗಿ ಸುಮ್ನೆ ಪೆನ್ಸಿಲ್ ಕಚ್ಚುತ್ತಾ ಕೂತಳು. ಅಮ್ಮ ಸೊಪ್ಪು ಬಿಡಿಸುತ್ತಲೇ “ಅಕ್ಷರ ಹಿಡ್ಕೊಂಡು ಕೂರಬೇಡ ಮಗಾ, ಕಾಗುಣಿತ ಓಡಿಸು” ಅಂದರು. ಠ, ಠಾ, ಠಿ, ಠೀ ಅಂತ ಜೋರಾಗಿ ಹೇಳಲು ಶುರು ಮಾಡಿದಳು. ‘ಠಾ’ ಅಂದ ತಕ್ಷಣ ಠಾಣೆ ಬಂತು. ‘ಠಿ’ಗೆ ಠಿಕಾಣಿ. ‘ಠೀ’ಗೆ ಅಮ್ಮ ಠೀವಿ ಕೊಟ್ಟರು. ‘ಠೇ’ ಅಂದಾಗ ನಾನೇ ಠೇವಣಿ ಅಂದೆ. ಮತ್ತೆ ಮೊದಲಿಗೆ ಬಂದು ಠಕ್ಕ, ಠಸ್ಸೆ, ಠರಾವು. ಠಾಣೆ, ಠೇವಣಿ, ಠರಾವು ಎಲ್ಲ ಕಚೇರಿ ಕೆಲಸದ ಪದಗಳು, ಮರಾಠಿ ಹಿಂದಿಯ ನಂಟಿನಿಂದ ಬಂದವು ಅಂತ ನಾನು ಹೇಳಿದೆ. “ಅದಕ್ಕ ನಮ್ಮ ಕಡೆ ಇಂಥಾವು ಭಾಳ ಅದಾವ” ಅಂದಳು ಹುಡುಗಿ. ಅರ್ಧ ಗಂಟೆ ಬರೀ ಒಂದೇ ಅಕ್ಷರದಲ್ಲಿ ಕಳೆದೆವು.

ನಮ್ಮ ಪದಬಂಧದಲ್ಲೂ ಒಂದು ಮನೆಗೆ ತುಂಬುವುದು ಪೂರ್ತಿ ಕಾಗುಣಿತದ ಅಕ್ಷರವನ್ನೇ ಅಲ್ವಾ? ‘ಠೇ’ ಒಂದು ಮನೆ, ‘ಕ್ರಿ’ ಒಂದು ಮನೆ. ಕನ್ನಡದ ಬಾಯಿ ಇರುವುದೇ ಹಾಗೆ. ಅದಕ್ಕೇ ಕಾಗುಣಿತ ಓಡಿಸಿದರೆ ಪದಗಳು ತಾವಾಗಿ ಬರುತ್ತವೆ. ಣ, ಳ ಬಂದರೆ ಮಾತ್ರ ಅಕ್ಷರ ಬದಲಾಯಿಸಿಬಿಡಿ. ಅವುಗಳಿಂದ ಶುರುವಾಗುವ ಪದ ನಮ್ಮಲ್ಲಿ ಇಲ್ಲ. ಅಂತ್ಯಾಕ್ಷರಿಯಲ್ಲಿ ‘ಣ’ಕ್ಕೆ ‘ನ’, ‘ಳ’ಕ್ಕೆ ‘ಲ’ ಅಂತ ನಾವೆಲ್ಲ ಆಡಿಲ್ಲವೇ, ಹಾಗೆ.

ಈಗ ನಮ್ಮ ಮನೆಯಲ್ಲಿ ಒಂದು ಹೊಸ ನಿಯಮ ಇದೆ. ಪದ ಬರೆದವರು ಅದನ್ನು ಇಟ್ಟುಕೊಂಡು ಒಂದು ವಾಕ್ಯ ಹೇಳಬೇಕು. ವಾಕ್ಯ ಬಂದರೆ ಅಂಕ. ಯಾವ ಊರಿನ ಮಾತಾದರೂ ಸರಿ. ಝಷ ಬರೆದವನೂ ಅದರ ಅರ್ಥ ತಿಳಿದು ಒಂದು ವಾಕ್ಯ ಹೇಳಲಿ, ಅವನಿಗೂ 10 ಕೊಡೋಣ. ಶಾಲೆಯಲ್ಲಿ, ಸಂಘಗಳಲ್ಲಿ, ಅಪಾರ್ಟ್‌ಮೆಂಟುಗಳಲ್ಲಿ ಈ ಆಟ ಆಡಿಸುವವರನ್ನು ಕೈಮುಗಿದು ಕೇಳುತ್ತೇನೆ. ಗೊತ್ತಿಲ್ಲದ ಪದ ಕಂಡರೆ ಕಾಟು ಹೊಡೆಯುವ ಮೊದಲು “ಇದನ್ನು ನಿಮ್ಮ ಮನೆಯಲ್ಲಿ ಯಾರು ಹೇಳುತ್ತಾರೆ ಪುಟ್ಟಾ?” ಅಂತ ಒಂದು ಮಾತು ಕೇಳಿ.

ನಿನ್ನೆ ಸಂಜೆ ಧಾರವಾಡದಿಂದ ಒಂದು ಫೋಟೋ ಬಂತು. ಹುಡುಗಿ ಅಲ್ಲಿ ಓಣಿಯ ಮಕ್ಕಳನ್ನು ಕಟ್ಟಿಕೊಂಡು ಆಡಿದ್ದಾಳೆ. ಅಕ್ಷರ ‘ಡ’. ತರಕಾರಿಯ ಜಾಗದಲ್ಲಿ ಡೊಣ್ಣಮೆಣಸಿನಕಾಯಿ ಅಂತ ಬರೆದಿದ್ದಾಳೆ. ನಾವು ದಪ್ಪ ಮೆಣಸಿನಕಾಯಿ ಅನ್ನುತ್ತೇವಲ್ಲ, ಅದೇ. ಪಕ್ಕದಲ್ಲಿ 10 ಅಂತ ದೊಡ್ಡದಾಗಿ ಇದೆ. ಹಾಳೆಯ ಕೆಳಗೆ ನಿಯಮದ ಪ್ರಕಾರ ವಾಕ್ಯವೂ ಇದೆ: “ಇವತ್ತ ಅಮ್ಮ ಡೊಣ್ಣಮೆಣಸಿನಕಾಯಿ ಪಲ್ಯ ಮಾಡ್ಯಾಳ, ಉಳ್ಳಾಗಡ್ಡಿ ಹಾಕಿ.”