‘ಜಾಣ ಮಕ್ಕಳು ತಾವೇ ಕಲೀತಾರೆ’ ಅನ್ನೋದು ಅರ್ಧ ಸತ್ಯ
ಜಾಣ ಮಕ್ಕಳ ಕಲಿಕೆ ಬಗ್ಗೆ ಬಂದ ಲೇಖನ ಚೆನ್ನಾಗಿದೆ. ಆದರೆ ‘ಜಾಣ ಮಕ್ಕಳಿಗೆ ಪ್ರತ್ಯೇಕ ಗಮನ ಬೇಕಿಲ್ಲ, ತಾವೇ ಮುಂದೆ ಬರ್ತಾರೆ’ ಅನ್ನೋ ಮಾತು ಒಪ್ಪಲಾರೆ. ನಮ್ಮದು ಶಿರಸಿ ಹತ್ತಿರದ ಹಳ್ಳಿ. ಅಡಿಕೆ ಸುಲಿಯೋಕೆ ಬಂದವರ ಕೂಲಿ ಲೆಕ್ಕವನ್ನ ನನ್ನ ಮಗಳು ನಾಲ್ಕನೇ ತರಗತಿಯಲ್ಲೇ ಬಾಯಲ್ಲಿ ಹೇಳ್ತಿದ್ದಳು. ಶಾಲೆಯಲ್ಲಿ ಮಾತ್ರ ಲೆಕ್ಕ ಬೇಗ ಮುಗಿಸಿದ್ದಕ್ಕೆ ಸಿಕ್ಕಿದ್ದು ಗಲಾಟೆ ಮಾಡುವವರ ಹೆಸರು ಬರೆಯೋ ಕೆಲಸ! ವರ್ಷ ಕಳೆಯೋದ್ರೊಳಗೆ ಬೇಕಂತಲೇ ನಿಧಾನ ಮಾಡೋದು ಕಲಿತಳು. ಮೇಷ್ಟ್ರನ್ನ ದೂರಿ ಫಲವಿಲ್ಲ, ಒಬ್ಬರೇ ಎರಡು ತರಗತಿ ನೋಡ್ತಿದ್ದರು.

ಇರೋ ದಾರಿಗಳ ಸುದ್ದಿಯೂ ಹಳ್ಳಿಗೆ ತಡವಾಗಿ ಬರ್ತದೆ. ಮುಂಡಗೋಡದ ನವೋದಯ ವಸತಿ ಶಾಲೆ ಸೇರೋಕೆ ಐದನೇ ತರಗತಿಯಲ್ಲೇ ಪರೀಕ್ಷೆ ಬರೀಬೇಕು, ಕನ್ನಡದಲ್ಲೂ ಬರೀಬಹುದು. ನಮಗೆ ಗೊತ್ತಾಗೋ ಹೊತ್ತಿಗೆ ಅರ್ಜಿ ದಿನ ಮುಗಿದಿತ್ತು. ಸರ್ಕಾರಿ, ಅನುದಾನಿತ ಶಾಲೆಯ ಎಂಟನೇ ತರಗತಿ ಮಕ್ಕಳಿಗೆ ಎನ್‌ಎಂಎಂಎಸ್ ಅನ್ನೋ ವಿದ್ಯಾರ್ಥಿವೇತನ ಪರೀಕ್ಷೆ ಇದೆ. ಮನೆಯ ಆದಾಯ 3.5 ಲಕ್ಷ ಮೀರಬಾರದು, ಆಯ್ಕೆಯಾದರೆ 12ನೇ ತರಗತಿವರೆಗೆ ವರ್ಷಕ್ಕೆ 12,000 ರೂ. ಬರ್ತದೆ. ಇದನ್ನಾದ್ರೂ ಪಾಲಕರ ಸಭೆಯಲ್ಲಿ ಹೇಳಬಾರದಾ?

ಕಳೆದ ರಜೆಯಲ್ಲಿ ಕಾರವಾರದ ವಿಜ್ಞಾನ ಕೇಂದ್ರಕ್ಕೆ ಕರ್ಕೊಂಡು ಹೋಗಿದ್ದೆ. ವಾಪಸ್ ಬಸ್ಸಲ್ಲಿ ದೇವಿಮನೆ ಘಟ್ಟ ಮುಗಿದರೂ ಅವಳ ಪ್ರಶ್ನೆ ಮುಗಿಯಲಿಲ್ಲ. ಅರ್ಧಕ್ಕೆ ನನಗೇ ಉತ್ತರ ಗೊತ್ತಿರಲಿಲ್ಲ.