ಹಳೆಯ ಟ್ರಕ್ಕಿನ ಆಕ್ಸಲ್: ಎಲ್ಲಿಯವರೆಗೆ ಬಿಚ್ಚಬೇಕು?

ಹಳೆಯ ಪಿಕಪ್ ಟ್ರಕ್ಕುಗಳನ್ನು ಮೊದಲಿನ ರೂಪಕ್ಕೆ ತರುವ ಹವ್ಯಾಸ ನಾನಿರುವ ಅಮೆರಿಕದ ಮಿಶಿಗನ್ನಿನಲ್ಲಿ ಬಹಳ ಜನಕ್ಕಿದೆ. ಹೇಗಿದ್ದರೂ ಬಿಚ್ಚಿದ್ದೇವೆ, ಅದನ್ನೂ ಮಾಡಿಬಿಡೋಣ ಎನ್ನುವುದು ಅವರ ರೂಢಿ. ಬ್ರೇಕಿಗೆಂದು ಡ್ರಮ್ ತೆಗೆದವರು ಆಯಿಲ್ ಸೀಲ್ ಹಾಕುತ್ತಾರೆ, ಸೀಲಿಗೆಂದು ಶಾಫ್ಟ್ ಎಳೆದವರು ಬೇರಿಂಗ್ ಬದಲಿಸುತ್ತಾರೆ, ಕೊನೆಗೆ ಯಾವ ತಂಟೆಯನ್ನೂ ಮಾಡದಿದ್ದ ಕ್ರೌನ್ ಮತ್ತು ಪಿನಿಯನ್ (ಎಂಜಿನ್ನಿನ ಸುತ್ತನ್ನು ಚಕ್ರದ ಶಾಫ್ಟಿಗೆ ದಾಟಿಸುವ ಗೇರುಗಳ ಜೋಡಿ) ಕೂಡ ಬೆಂಚಿನ ಮೇಲೆ ಬಂದು ಕೂರುತ್ತವೆ. ನಮ್ಮ ಕಡೆಯ ಲಾರಿ ಗ್ಯಾರೇಜುಗಳ ರೀತಿ ಇದಕ್ಕೆ ತದ್ವಿರುದ್ಧ. ಸದ್ದು ಮಾಡದ ಹೌಸಿಂಗಿಗೆ, ಅಂದರೆ ಆ ಗೇರು, ಶಾಫ್ಟುಗಳನ್ನು ಒಳಗಿಟ್ಟುಕೊಂಡ ಕವಚಕ್ಕೆ, ಅಲ್ಲಿ ಯಾರೂ ಸ್ಪ್ಯಾನರ್ ಹಾಕುವುದಿಲ್ಲ. ನನ್ನ ಅನಿಸಿಕೆಯಲ್ಲಿ ಗೇರಿನ ಮಟ್ಟಿಗೆ ಊರಿನ ಮೇಸ್ತ್ರಿಗಳದು ಸರಿ, ಚಕ್ರದ ಬುಡದ ಮಟ್ಟಿಗೆ ಇಲ್ಲಿಯವರದು ಸರಿ.

ಊರಿನ ರೀತಿಯನ್ನು ಬರೀ ಜಿಪುಣತನ ಎಂದು ತಳ್ಳಿಹಾಕುವಂತಿಲ್ಲ. ಬಂಡಿ ನಿಂತರೆ ಬಾಡಿಗೆ ನಿಲ್ಲುತ್ತದೆ, ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ ಎಂಬುದು ಒಂದು ಕಾರಣವಾದರೆ, ಆಕ್ಸಲಿನ ರಚನೆ ಇನ್ನೊಂದು. ಟಾಟಾ, ಅಶೋಕ್ ಲೇಲ್ಯಾಂಡ್ ಲಾರಿಗಳ ಹಿಂದಿನ ಆಕ್ಸಲ್ ಫುಲ್ ಫ್ಲೋಟಿಂಗ್ ಬಗೆಯದು. ಅದರಲ್ಲಿ ಚಕ್ರವನ್ನು ಬಿಗಿಯುವ ಹಬ್ ತನ್ನ ಎರಡು ಬೇರಿಂಗುಗಳೊಂದಿಗೆ ಹೌಸಿಂಗಿನ ತುದಿಯ ಮೇಲೆಯೇ ಕೂತಿರುತ್ತದೆ. ಭಾರವನ್ನೆಲ್ಲ ಹೌಸಿಂಗ್ ಹೊರುತ್ತದೆ, ಚಕ್ರವನ್ನು ತಿರುಗಿಸುವುದಷ್ಟೇ ಶಾಫ್ಟಿನ ಪಾಲಿನ ಕೆಲಸ. ಲೋಡ್ ಲಾರಿ ಘಾಟಿನಲ್ಲಿ 'ಆಕ್ಸಲ್ ಕಟ್ಟಾಯಿತು' ಎಂದು ನಿಂತರೂ ಚಕ್ರ ಕಳಚಿಕೊಳ್ಳುವುದಿಲ್ಲ. ಜಾಕ್ ಕೂಡ ಹಾಕದೆ ಹಬ್ಬಿನ ಬೋಲ್ಟುಗಳನ್ನು ಬಿಚ್ಚಿ, ತುಂಡಾದ ಶಾಫ್ಟನ್ನು ಎಳೆದು, ಒಳಗೆ ಉಳಿದ ಚೂರನ್ನು ಆಚೆ ಬದಿಯಿಂದ ಸಲಾಕೆ ತೂರಿಸಿ ನೂಕಿ, ಬೇರೆ ಶಾಫ್ಟ್ ಹಾಕಿಕೊಂಡು ಹೊರಡುವವರಿದ್ದಾರೆ. ಇಂಥ ಆಕ್ಸಲಿನ ಶಾಫ್ಟು ಮುರಿಯುವ ತನಕ ಓಡಲಿ ಎನ್ನುವುದರಲ್ಲಿ ಒಂದು ನ್ಯಾಯವಿದೆ.

ಇದೇ ನ್ಯಾಯವನ್ನು 1972ರ ಫೋರ್ಡ್ ಎಫ್-100 ಪಿಕಪ್ಪಿಗೆ ಅನ್ವಯಿಸಲಾಗದು. ಅದರ ಹಿಂಬದಿಯಲ್ಲಿರುವುದು ಫೋರ್ಡ್ ಕಂಪನಿ 1957ರಿಂದ ಮೂರು ದಶಕಗಳ ಕಾಲ ಬಳಸಿದ ಪ್ರಸಿದ್ಧ ಒಂಬತ್ತು ಇಂಚಿನ ಆಕ್ಸಲ್ (ಕ್ರೌನ್ ಗೇರಿನ ಅಡ್ಡಳತೆಯಿಂದ ಬಂದ ಹೆಸರು), ಅದು ಸೆಮಿ ಫ್ಲೋಟಿಂಗ್ ಬಗೆಯದು. ಇಲ್ಲಿ ತಿರುಗಿಸುವ ಶಾಫ್ಟೇ ಭಾರವನ್ನೂ ಹೊರಬೇಕು. ಶಾಫ್ಟಿನ ಮೇಲೆ ಪ್ರೆಸ್ ಮಾಡಿ ಕೂರಿಸಿದ ಬೇರಿಂಗನ್ನು ಒಂದು ಉಕ್ಕಿನ ಬಳೆ ಬಿಗಿ ಹಿಡಿದಿರುತ್ತದೆ. ಆ ಬಳೆ ಜಾರಿದರೆ ಅಥವಾ ಬೇರಿಂಗ್ ಪುಡಿಯಾದರೆ ಶಾಫ್ಟು, ಡ್ರಮ್ಮು, ಚಕ್ರ ಎಲ್ಲವೂ ಒಟ್ಟಿಗೆ ಹೊರಬರುತ್ತವೆ. ಆದ್ದರಿಂದ ಎರಡೂ ಬದಿಯ ಬೇರಿಂಗ್, ಬಳೆ, ಸೀಲುಗಳನ್ನು ಹೊಸದಾಗಿ ಹಾಕಬೇಕು, ಹಳೆಯವು ಚೆನ್ನಾಗಿ ಕಂಡರೂ ಸರಿಯೇ. ಫ್ಲ್ಯಾಂಜಿನ ತೂತಿನಿಂದ ಸಾಕೆಟ್ ಹಾಕಿ ನಾಲ್ಕು ನಟ್ಟು ತೆಗೆದರೆ ಶಾಫ್ಟು ಕೈಗೆ ಬರುತ್ತದೆ, ಪ್ರೆಸ್ಸಿನ ಕೆಲಸವನ್ನು ಯಾವುದಾದರೂ ವರ್ಕ್‌ಶಾಪಿನಲ್ಲಿ ಮಾಡಿಸಬಹುದು. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಈ ರಾಜ್ಯದಲ್ಲಿ ಆಕ್ಸಲ್ ಮೇಲಿನ ಬ್ರೇಕ್ ಪೈಪನ್ನೂ ಆಕ್ಸಲನ್ನು ಸ್ಪ್ರಿಂಗಿಗೆ ಬಿಗಿಯುವ ಯು ಬೋಲ್ಟುಗಳನ್ನೂ ಇದೇ ಪಟ್ಟಿಗೆ ಸೇರಿಸಬೇಕು. ಹಳೆಯ ಯು ಬೋಲ್ಟನ್ನೇ ಮತ್ತೆ ಬಿಗಿದು ಸಾಗಹಾಕುವ ನಮ್ಮ ಗ್ಯಾರೇಜುಗಳ ಅಭ್ಯಾಸವನ್ನು ನಾನು ಅಲ್ಲೂ ಒಪ್ಪುವುದಿಲ್ಲ.

ಗೇರಿನ ಕಥೆ ಬೇರೆ. ಕ್ರೌನ್ ಮತ್ತು ಪಿನಿಯನ್ ಕಾರ್ಖಾನೆಯಿಂದಲೇ ಜೋಡಿಯಾಗಿ ಉಜ್ಜಿಸಿಕೊಂಡು ಬಂದವು, ಐವತ್ತು ವರ್ಷ ಓಡಿ ಒಂದರ ಹಲ್ಲಿಗೆ ಇನ್ನೊಂದು ಮತ್ತಷ್ಟು ಹೊಂದಿಕೊಂಡಿರುತ್ತವೆ. ಹೊಸ ಜೋಡಿ ಹಾಕುವುದೆಂದರೆ ಪಿನಿಯನ್ನಿನ ಆಳವನ್ನು ಶಿಮ್ಮು ಎಂಬ ತೆಳು ತಗಡುಗಳಿಂದ ಹೊಂದಿಸಿ, ಹಲ್ಲುಗಳ ನಡುವಿನ ಸಡಿಲವನ್ನು ಸುಮಾರು 0.2ರಿಂದ 0.3 ಮಿಲಿಮೀಟರಿಗೆ ತಂದು, ಹಲ್ಲಿಗೆ ಹಳದಿ ಪೇಸ್ಟ್ ಬಳಿದು ತಿರುಗಿಸಿ, ಗುರುತು ಹಲ್ಲಿನ ನಡುವೆ ಬೀಳುವ ತನಕ ಮತ್ತೆ ಮತ್ತೆ ಬಿಚ್ಚಿ ಜೋಡಿಸುವುದು. ಇಷ್ಟಾದ ಮೇಲೂ ಮೊದಲಿಲ್ಲದ ಕೊರೆತದ ಸದ್ದು ಹೊಸದಾಗಿ ಸೇರಿಕೊಳ್ಳಬಹುದು. ಹೊಸದು ಹಾಕಿದೆವು ಎಂಬ ತೃಪ್ತಿಯೊಂದಕ್ಕಾಗಿ ಇಷ್ಟೆಲ್ಲ ಮೈಮೇಲೆ ಎಳೆದುಕೊಳ್ಳುವುದು ನನಗೆ ಹಿಡಿಸದ ಮಾತು.

ನಿರ್ಧಾರಕ್ಕೆ ಬೇಕಾದ ಸಾಕ್ಷ್ಯ ಬಿಚ್ಚುವ ಮೊದಲೇ ಸಿಗುತ್ತದೆ. ಆಯಿಲಿನಲ್ಲಿ ಬೆರಳಿಗೆ ಚುಚ್ಚುವ ಚೂರಿದ್ದರೆ ತೆರೆಯಲೇಬೇಕು. ಬೆಳ್ಳಿಯ ಪುಡಿಯಂಥ ನುಣುಪು ಮಾತ್ರವಿದ್ದರೆ ಅದು ವಯಸ್ಸಿನ ಸವೆತ. ಆಕ್ಸಿಲರೇಟರ್ ಒತ್ತಿದಾಗ ಒಂದು ಬಗೆ, ಬಿಟ್ಟಾಗ ಇನ್ನೊಂದು ಬಗೆ ಕೂಗಿದರೆ ಗೇರಿನ ದೋಷವೆಂದೂ ಎರಡರಲ್ಲೂ ಒಂದೇ ಸಮ ಗುಂಯ್ಗುಟ್ಟಿದರೆ ಹೆಚ್ಚಾಗಿ ಚಕ್ರದ ಬೇರಿಂಗೆಂದೂ ತಿಳಿಯಬಹುದು. ಗೇರ್ ಹಾಕಿದಾಗ ಟಕ್ಕೆಂದರೆ ಮೊದಲು ನೋಡಬೇಕಾದದ್ದು ಎಂಜಿನ್ ಕಡೆಯಿಂದ ಆಕ್ಸಲಿಗೆ ಬರುವ ಪ್ರೊಪೆಲ್ಲರ್ ಶಾಫ್ಟಿನ ಕೀಲುಗಳಾದ ಕ್ರಾಸುಗಳನ್ನು. ಪಿನಿಯನ್ನಿನ ಫ್ಲ್ಯಾಂಜನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲುಗಿಸಿದಾಗ ಆಟ (ಸಡಿಲ) ಸಿಕ್ಕಿದರೆ ಮಾತ್ರ ಒಳಗಿನ ಬೇರಿಂಗಿನ ಮಾತೆತ್ತಬೇಕು.

ಸೀಲ್ ಸೋರುತ್ತಿದ್ದರೆ ಹೌಸಿಂಗ್ ಮೇಲೆ ಗಾಳಿಯಾಡಲು ಇಟ್ಟ ಬ್ರೀದರನ್ನು ಮೊದಲು ನೋಡಬೇಕು. ಅದು ಮಣ್ಣು ಕಟ್ಟಿಕೊಂಡಿದ್ದರೆ ಒಳಗೆ ಬಿಸಿಯಾದ ಗಾಳಿ ಆಯಿಲನ್ನು ಸೀಲಿನ ಮೂಲಕವೇ ಹೊರದೂಡುತ್ತದೆ, ಹೊಸ ಸೀಲ್ ಕೂಡ ಸೋರುತ್ತದೆ. ಇಷ್ಟು ಸಣ್ಣ ವಿಷಯವನ್ನು ಎರಡೂ ದೇಶದವರು ಮರೆಯುತ್ತಾರೆ.

ರೇಷಿಯೋ, ಅಂದರೆ ಚಕ್ರದ ಒಂದು ಸುತ್ತಿಗೆ ಪಿನಿಯನ್ ಎಷ್ಟು ಸುತ್ತು ತಿರುಗಬೇಕೆಂಬ ಲೆಕ್ಕ, ಅದನ್ನು ಬದಲಿಸುವ ಆಸೆಯೂ ಹಲವರಿಗಿದೆ. 3.50 ಇದ್ದದ್ದನ್ನು 3.00 ಮಾಡಿದರೆ ಅದೇ ವೇಗದಲ್ಲಿ ಎಂಜಿನ್ನಿನ ಸುತ್ತು ಶೇ. 14ರಷ್ಟು ಇಳಿಯುವುದು ನಿಜ. ದಿನವೂ ಫ್ರೀವೇಯಲ್ಲಿ ಓಡಿಸುವವರು ಮಾಡಿಸಲಿ. ಆಗಸ್ಟ್ ತಿಂಗಳಿನಲ್ಲಿ ಇಲ್ಲಿನ ಡೆಟ್ರಾಯಿಟ್ ನಗರದ ಕಡೆಯ ವುಡ್‌ವರ್ಡ್ ಅವೆನ್ಯೂ ತುಂಬ ಹಳೆಯ ವಾಹನಗಳು ತೆವಳುವ ಮೆರವಣಿಗೆಗೆಂದೇ ಸಿದ್ಧವಾಗುವ ಟ್ರಕ್ಕಿಗೆ ಅದು ಯಾಕೆ?

ಮುಂದಿನ ಆಕ್ಸಲಿನ ವಿಷಯದಲ್ಲಿ ಮಾತ್ರ ನಾನು ಉದಾರಿ. ಮಿಶಿಗನ್ನಿನಲ್ಲಿ ಖಾಸಗಿ ವಾಹನಗಳಿಗೆ ಕಾಲಕಾಲದ ಸುರಕ್ಷತಾ ತಪಾಸಣೆಯೇ ಇಲ್ಲ. ಊರಿನಲ್ಲಾದರೆ ಎಂಟು ವರ್ಷ ದಾಟಿದ ಲಾರಿ ಪ್ರತಿ ವರ್ಷ ಎಫ್‌ಸಿಗೆ ನಿಲ್ಲಲೇಬೇಕು, ಆ ನೆಪದಲ್ಲಾದರೂ ಸ್ಟಿಯರಿಂಗಿನ ಆಟವನ್ನು ಯಾರೋ ಒಬ್ಬರು ನೋಡುತ್ತಾರೆ. ಇಲ್ಲಿ ನೋಡುವವರು ನಾವೇ. ಚಕ್ರ ಎತ್ತಿ, ಮೇಲೂ ಕೆಳಗೂ ಹಿಡಿದು ಅಲುಗಿಸುವಾಗ ಇನ್ನೊಬ್ಬರಿಗೆ ಬ್ರೇಕ್ ಒತ್ತಲು ಹೇಳಬೇಕು; ಆಗ ಬೇರಿಂಗಿನ ಆಟ ಮರೆಯಾಗುತ್ತದೆ, ಉಳಿದದ್ದು ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ಹೊರಳಲು ಆಧಾರವಾದ ಕಿಂಗ್ ಪಿನ್ನಿನದು. ಅದರ ಜಾಗಕ್ಕೆ ಬಾಲ್ ಜಾಯಿಂಟ್ ಬಂದ ಮೇಲೆ ಇಲ್ಲಿ ಕಿಂಗ್ ಪಿನ್ ಹಾಕುವ ಕೆಲಸ ಬಲ್ಲವರು ವಿರಳ, ನಮ್ಮಲ್ಲಿ ಅದು ಲಾರಿ ಮೇಸ್ತ್ರಿಗಳ ನಿತ್ಯದ ಕಸುಬು. ರೀಮರಿನಿಂದ ಅಳತೆಗೆ ಕೊರೆದ ಬುಷ್ಷಿನೊಳಗೆ (ಪಿನ್ನು ಕೂರುವ ಕೊಳವೆ) ಪಿನ್ನು ಹೆಬ್ಬೆರಳ ಒತ್ತಿಗೆ ಇಳಿಯಬೇಕು, ತಾನಾಗಿ ಜಾರಬಾರದು. ಬುಷ್ಷಿನ ತೂತು ಗ್ರೀಸ್ ನಿಪ್ಪಲಿಗೆ ಸರಿಯಾಗಿ ಎದುರಾಗಿದೆಯೇ ಎಂದು ನೋಡಿಕೊಂಡೇ ಒಳಗೆ ಹೊಡೆಯಬೇಕು, ಇಲ್ಲವಾದರೆ ಎಷ್ಟು ಗ್ರೀಸ್ ತುಂಬಿದರೂ ಅದು ಪಿನ್ನನ್ನು ಮುಟ್ಟುವುದಿಲ್ಲ.